ತಡೆದವರ ಚರಿತ್ರೆ

ರನ್ನ ಬೆಳಗಲಿಯ ಮಹಾಕವಿ ರನ್ನ ತನ್ನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರನ್ನೂ ಕೊಟ್ಟಿದ್ದಾನೆ. ಹೆಸರು ಗೆದ್ದವನದು. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಕವಿ ಹೋಲಿಸಿದ್ದೂ ಆ ಗೆದ್ದ ಭೀಮನಿಗೇ. ಹಾಗಿದ್ದರೂ ಕಾವ್ಯ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ನಾಟಕವಾಗಿ ತಂದಾಗ ದುರಂತ ನಾಯಕನಾಗಿ ನಿಂತವನೂ ಅವನೇ. ಸಾಹಿತ್ಯದಲ್ಲಿ ಹೀಗೆ ಹೆಸರಿನಾಚೆಗೆ ನೋಡಲು ಕಲಿತ ನಾವು ಆಟದ ಚರಿತ್ರೆಗೆ ಬಂದಾಗ ಗೋಲು ಹೊಡೆದವರ ಪಟ್ಟಿಗೇ ನಿಂತುಬಿಟ್ಟಿದ್ದೇವೆ. 1940ರ ದಶಕದ ಕೊನೆಯಿಂದ 1960ರ ದಶಕದ ಆರಂಭದವರೆಗಿನ ಕಾಲ ಮೈಸೂರು ನಾಡಿನ ಫುಟ್‌ಬಾಲಿಗೆ ದೊಡ್ಡ ಕಾಲ. ಅದರ ಮಾತು ಬಂದರೆ ಅಹಮದ್ ಖಾನ್, ಸಾರಂಗಪಾಣಿ ರಾಮನ್, ಅರುಮೈನಾಯಗಂ ಎಂದು ಮುಂಚೂಣಿಯವರ ಹೆಸರು ಬರುತ್ತದೆ. ಹಿಂದಿನ ಸಾಲುಗಳಲ್ಲಿ ನಿಂತಿದ್ದ ಎಸ್.ಎ. ಬಷೀರ್, ಟಿ. ಷಣ್ಮುಗಂ, ಮಾರಿಯಪ್ಪ ಕೆಂಪಯ್ಯ ಅವರನ್ನು ನೆನೆಯುವವರು ಕಡಿಮೆ. ಇವರ ಆಟ ಸಣ್ಣದಾಗಿದ್ದರಿಂದ ಹೀಗಾಯಿತು ಎಂದು ನಾನು ಒಪ್ಪುವುದಿಲ್ಲ. ನಾವು ಲೆಕ್ಕ ಬರೆದಿಟ್ಟ ಕ್ರಮವೇ ಇವರನ್ನು ಮರೆಸಿದೆ.

1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡಿನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಆಡಿತು. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. 2–1ರಿಂದ ಸೋತರೂ ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್, ಹಾಗಾಗಿ ಅವರ ಹೆಸರು ಭದ್ರವಾಗಿ ಉಳಿಯಿತು. ಉಳಿಯಬೇಕಾದ್ದೇ. ಆದರೆ ಅದೇ ಪಂದ್ಯದ ಇನ್ನೊಂದು ಮುಖ ನೋಡಿ. ಫ್ರಾನ್ಸಿನ ಗೆಲುವಿನ ಗೋಲು ಬಂದದ್ದು ಆಟ ಮುಗಿಯಲು ಒಂದೆರಡು ನಿಮಿಷ ಇದ್ದಾಗ. ಅಲ್ಲಿಯವರೆಗೆ ಯೂರೋಪಿನ ತಂಡವೊಂದನ್ನು ಬರಿಗಾಲಿನ ತಂಡ ಸಮಬಲದಲ್ಲಿ ಹಿಡಿದಿಟ್ಟಿತ್ತು. ಹಿಡಿದಿಟ್ಟವರಲ್ಲಿ ಎಡ ಬದಿಯ ಬ್ಯಾಕ್ ಶೈಲೇನ್ ಮನ್ನಾ ಒಬ್ಬರು. ಭಾರತದ ಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಒಬ್ಬರಾದ ಅವರ ಹೆಸರು ಆ ಪಂದ್ಯದ ಕಥನದಲ್ಲಿ ಬರುವುದು ಒಂದೇ ಕಾರಣಕ್ಕೆ, ಅವರು ಪೆನಾಲ್ಟಿ ಕೈಚೆಲ್ಲಿದರು ಎಂಬುದಕ್ಕೆ. ಗೋಲಿನ ಕಣ್ಣಿನಿಂದ ಬರೆದ ಚರಿತ್ರೆಯೊಳಗೆ ರಕ್ಷಕನಿಗೆ ತೆರೆದಿರುವ ಬಾಗಿಲು ಎರಡೇ. ಅಪರೂಪಕ್ಕೆ ಅವನೇ ಗೋಲು ಹೊಡೆಯಬೇಕು, ಇಲ್ಲವೇ ಎಲ್ಲರ ಕಣ್ಣೆದುರು ಎಡವಬೇಕು.

ಬೆಂಗಳೂರು ಆ ಕಾಲದಲ್ಲಿ ಇಷ್ಟು ಆಟಗಾರರನ್ನು ಕೊಟ್ಟದ್ದು ಆಕಸ್ಮಿಕವಲ್ಲ. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ ರೆಜಿಮೆಂಟುಗಳ ಜೊತೆಗೆ ಚೆಂಡೂ ಬಂತು, ಸುತ್ತಲಿನ ಬಡ ಬಡಾವಣೆಗಳ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಸೇನಾ ತಂಡಗಳ ಸ್ವತ್ತಾಗಿತ್ತು. ಮರುವರ್ಷವೂ ಅದೇ ತಂಡ ಗೆದ್ದಿತು. 1946ರಲ್ಲಿ ಮೈಸೂರು ಮೊದಲ ಬಾರಿ ಸಂತೋಷ್ ಟ್ರೋಫಿ ಎತ್ತಿತು, 1952ರಲ್ಲಿ ಮತ್ತೊಮ್ಮೆ. ಇಂಥ ನೆಲದಿಂದ ಬರೀ ಮುಂಚೂಣಿಯವರೇ ಹುಟ್ಟಿದರು ಎನ್ನುವುದು ನಂಬುವ ಮಾತಲ್ಲ.

ವಾದ ಮುಂದೆ ಸಾಗುವ ಮೊದಲು ಹಾಫ್ ಬ್ಯಾಕ್ ಎಂಬವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕೆಂಪಯ್ಯ ಮತ್ತು ಷಣ್ಮುಗಂ ಆಡಿದ್ದು ಆ ಜಾಗದಲ್ಲಿ, ಅದು ಇಂದಿನ ಮಿಡ್‌ಫೀಲ್ಡ್ ಅಲ್ಲವೇ, ರಕ್ಷಣೆ ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ಹಳೆಯ ಪದ್ಧತಿಯಲ್ಲಿ ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್ ಬ್ಯಾಕ್, ಮುಂದೆ ಐವರು ಫಾರ್ವರ್ಡ್. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾದ ಮೇಲೆ ಇಂಗ್ಲೆಂಡಿನಲ್ಲಿ ನಡುವಿನ ಹಾಫ್ ಬ್ಯಾಕ್‌ನನ್ನು ಹಿಂದಕ್ಕೆ ಎಳೆದು ಮೂರನೆಯ ಬ್ಯಾಕ್ ಮಾಡಿದರು. ಡಬ್ಲ್ಯು–ಎಂ ಎಂದು ಹೆಸರಾದ ಆ ವ್ಯೂಹದಲ್ಲಿ ಉಳಿದ ಇಬ್ಬರು ಹಾಫ್ ಬ್ಯಾಕ್‌ಗಳ ಪಾಲಿಗೆ ಬಂದವರು ಎದುರಾಳಿಯ ಇಬ್ಬರು ಇನ್‌ಸೈಡ್ ಫಾರ್ವರ್ಡ್‌ಗಳು, ಅಂದರೆ ಪ್ರತಿ ತಂಡದ ಅತ್ಯಂತ ಜಾಣ ಆಟಗಾರರು. ಅವರನ್ನು ನೆರಳಿನಂತೆ ಹಿಂಬಾಲಿಸಬೇಕು. ಚೆಂಡು ಸಿಕ್ಕ ಕೂಡಲೇ ಅದನ್ನು ಮುಂದಿನ ಸಾಲಿಗೆ ಮುಟ್ಟಿಸಬೇಕು. ಚೆಂಡು ಕೈತಪ್ಪಿದರೆ ನಲವತ್ತು ಗಜ ಹಿಂದಕ್ಕೆ ಓಡಿ ಮತ್ತೆ ಅದೇ ಮನುಷ್ಯನ ಎದೆಗೆ ಎದೆಯೊಡ್ಡಬೇಕು. ಅಂಥವನು ತೊಂಬತ್ತು ನಿಮಿಷ ಚೆನ್ನಾಗಿ ಆಡಿದರೆ ನೋಡುವವರಿಗೆ ಕಾಣುವುದು ಎದುರಿನ ಫಾರ್ವರ್ಡ್ ಆ ದಿನ ಮಂಕಾಗಿದ್ದ ಎಂಬುದಷ್ಟೇ. ಮಂಕಾದದ್ದು ಯಾರಿಂದ ಎಂದು ಪತ್ರಿಕೆಗಳೂ ಹೆಚ್ಚಾಗಿ ಬರೆಯುತ್ತಿರಲಿಲ್ಲ.

ಈಗ ಸಾಕ್ಷ್ಯಕ್ಕೆ ಬರೋಣ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಸೋಲಿಸಿತು. ಭಾರತದ ಆ ಒಂದು ಗೋಲು ಅಹಮದ್ ಖಾನ್ ಅವರದು. ಅದೇ ತಂಡದೊಡನೆ ಹೋಗಿದ್ದ ಬೆಂಗಳೂರಿನ ಷಣ್ಮುಗಂ ಅವರ ಪಾಲಿಗೆ ದಾಖಲೆಯಲ್ಲಿ ಉಳಿದದ್ದು ಆ ಹತ್ತರ ನೆರಳು. ನಾಲ್ಕು ವರ್ಷದ ನಂತರ, 1956ರ ಡಿಸೆಂಬರಿನಲ್ಲಿ, ಮೆಲ್ಬರ್ನಿನ ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ ಎದುರಾಯಿತು. ಭಾರತದ ಹಾಫ್ ಬ್ಯಾಕ್ ಸಾಲಿನಲ್ಲಿದ್ದವರು ಕೆಂಪಯ್ಯ, ಸಲಾಂ, ನೂರ್ ಮೊಹಮ್ಮದ್. ವಿರಾಮದ ಹೊತ್ತಿಗೆ ಒಂದೂ ಗೋಲಿಲ್ಲ. ದ್ವಿತೀಯಾರ್ಧದ ಆರಂಭದಲ್ಲಿ ನೆವಿಲ್ ಡಿಸೋಜಾ ಗೋಲು ಹೊಡೆದು ಭಾರತವನ್ನು ಮುಂದೆ ಒಯ್ದರು. ಆಮೇಲೆ ಯುಗೊಸ್ಲಾವಿಯಾ ಉರುಬಿಗೆ ಬಂದು 4–1ರಿಂದ ಗೆದ್ದಿತು. ಆ ನಾಲ್ಕರಲ್ಲಿ ಒಂದು ಸಲಾಂ ಅವರ ಕಾಲಿಗೆ ತಾಗಿ ಸ್ವಂತ ಗೋಲಾಯಿತು, ಅವರ ಹೆಸರು ಗೋಲಿನ ಪಟ್ಟಿ ಸೇರಿದ್ದು ಹೀಗೆ. 1960ರ ರೋಮ್ ಒಲಿಂಪಿಕ್ಸಿಗೂ ಕೆಂಪಯ್ಯ ಹೋದರು. ಆ ಕೂಟದಲ್ಲಿ ಕಂಚು ಗೆದ್ದ ಹಂಗೆರಿ ಭಾರತವನ್ನು ಸೋಲಿಸಿದ್ದು 2–1ರಿಂದ ಮಾತ್ರ. ಫ್ರಾನ್ಸಿನೊಡನೆ 1–1 ಸಮ, ಪೆರುವಿಗೆ 1–3 ಸೋಲು. ಎಂಟು ವರ್ಷದ ಹಿಂದೆ ಒಂದೇ ಪಂದ್ಯದಲ್ಲಿ ಹತ್ತು ಗೋಲು ಬಿಟ್ಟ ದೇಶ ಈಗ ಮೂರು ಪಂದ್ಯಗಳಲ್ಲಿ ಬಿಟ್ಟದ್ದು ಒಟ್ಟು ಆರು. ಅದೇ ಮೂರು ಪಂದ್ಯಗಳಲ್ಲಿ ನಾವು ಹೊಡೆದದ್ದು ಮೂರು. ಮುಂಚೂಣಿ ತನ್ನ ಪಾಲನ್ನು ಮಾಡಿತು, ಸರಿ. ಆದರೆ ಹೆಲ್ಸಿಂಕಿಯಿಂದ ರೋಮಿಗೆ ಬರುವಷ್ಟರಲ್ಲಿ ಭಾರತದ ಫುಟ್‌ಬಾಲ್ ಬೆಳೆದದ್ದು ಮುಖ್ಯವಾಗಿ ತಡೆಯುವ ಕಲೆಯಲ್ಲಿ, ಅಂಕಿಗಳು ಬೇರೆ ಏನನ್ನೂ ಹೇಳುತ್ತಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಬೂಟಿನದು. ಹೆಲ್ಸಿಂಕಿಯ ಚಳಿಯಲ್ಲಿ ಬರಿಗಾಲಲ್ಲಿ ಜಾರಿ ಸೋತರು, ನಂತರ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು, ಗೋಲು ಕಡಿಮೆಯಾದವು ಎನ್ನುತ್ತಾರೆ. ಬೂಟು ನೆರವಾಗಿರಬೇಕು. ಆದರೆ ಬೂಟು ಹಾಕಿದವನಿಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ಬೂಟು ಹೇಳಿಕೊಡುವುದಿಲ್ಲ. ಎರಡನೆಯ ಆಕ್ಷೇಪ ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಂ ಅವರನ್ನು ಕುರಿತದ್ದು, ಬದಲಾವಣೆಯ ಶ್ರೇಯಸ್ಸೆಲ್ಲ ಅವರದೇ ಎಂಬ ಮಾತು. ರಹೀಂ ಸಾಹೇಬರ ದೊಡ್ಡತನದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ 1952ರಲ್ಲಿ ತಂಡದ ಕೋಚ್ ಆಗಿದ್ದವರೂ ಅವರೇ. ಕೋಚ್ ಅದೇ ಇದ್ದು ಫಲಿತಾಂಶ ಬದಲಾಗಿದೆ ಎಂದರೆ, ಕಲಿಸಿದ್ದನ್ನು ಮೈದಾನದಲ್ಲಿ ಮಾಡಿ ತೋರಿಸಿದ ಕಾಲುಗಳಿಗೂ ಲೆಕ್ಕ ಸಲ್ಲಬೇಕು. ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 1956ರ ಯುಗೊಸ್ಲಾವಿಯಾ 1952ರಷ್ಟು ಬಲಿಷ್ಠವಾಗಿರಲಿಲ್ಲ, ಹೆಲ್ಸಿಂಕಿಯಲ್ಲಿ ಆಡಿದ ಬೊಬೆಕ್, ಜೆಬೆಕ್ ಮುಂತಾದ ಘಟಾನುಘಟಿಗಳು ಮೆಲ್ಬರ್ನಿಗೆ ಬರಲಿಲ್ಲ. ಇದು ನಿಜ, ಒಪ್ಪಬೇಕು. ಆದರೂ ಆ ತಂಡ ಬೆಳ್ಳಿ ಗೆದ್ದಿತು ಎಂಬುದನ್ನೂ, ಅದರ ನಾಲ್ಕು ವರ್ಷದ ನಂತರ ಭಾರತ ಫ್ಲೋರಿಯನ್ ಆಲ್ಬರ್ಟ್ ಇದ್ದ ಹಂಗೆರಿಯನ್ನು ಎರಡೇ ಗೋಲಿಗೆ ನಿಲ್ಲಿಸಿದ್ದನ್ನೂ ಪಕ್ಕಕ್ಕಿಡಲಾಗದು. ಒಂದು ಪಂದ್ಯವಾದರೆ ಅದೃಷ್ಟ ಎನ್ನಬಹುದಿತ್ತು, ಇಲ್ಲಿ ಕಾಣುವುದು ಒಂದೇ ದಿಕ್ಕಿಗೆ ಸಾಗಿದ ಎಂಟು ವರ್ಷ.

ಏಷ್ಯನ್ ಕ್ರೀಡಾಕೂಟದ ನಮ್ಮ ಎರಡು ಚಿನ್ನಗಳನ್ನೂ ಇದೇ ಕಣ್ಣಿನಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1951ರಲ್ಲಿ ದೆಹಲಿಯಲ್ಲಿ ಭಾರತ ಇಂಡೊನೇಷ್ಯಾವನ್ನು 3–0, ಅಫ್ಘಾನಿಸ್ತಾನವನ್ನು 3–0, ಫೈನಲ್‌ನಲ್ಲಿ ಇರಾನನ್ನು 1–0ಯಿಂದ ಸೋಲಿಸಿತು. ಇಡೀ ಕೂಟದಲ್ಲಿ ಭಾರತದ ಬಲೆಗೆ ಒಂದು ಚೆಂಡೂ ಬೀಳಲಿಲ್ಲ. ಆದರೆ ಜನರ ನೆನಪಿನಲ್ಲಿರುವುದು ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಗೋಲು. 1962ರ ಜಕಾರ್ತಾದಲ್ಲಿ ಇನ್ನೂ ವಿಚಿತ್ರ. ಜರ್ನೈಲ್ ಸಿಂಗ್ ಭಾರತ ಕಂಡ ಅತಿ ದೊಡ್ಡ ರಕ್ಷಣಾ ಆಟಗಾರ ಎಂದು ಹೇಳುವವರು ಬಹಳ. ಅವರ ಹೆಸರು ಆ ಚಿನ್ನದ ಕಥೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ತಲೆಗೆ ಪೆಟ್ಟಾದ ಮೇಲೆ ಅವರನ್ನು ಫಾರ್ವರ್ಡ್ ಆಗಿ ಮುಂದೆ ನಿಲ್ಲಿಸಿದ್ದರಿಂದ. ಸೆಮಿಫೈನಲ್‌ನಲ್ಲಿ ಒಂದು, ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಒಂದು ಗೋಲು ಹೊಡೆದರು. ರಕ್ಷಕ ತನ್ನ ಕೆಲಸ ಬಿಟ್ಟು ಬೇರೆಯವರ ಕೆಲಸ ಮಾಡಿದಾಗಲೇ ದಾಖಲೆಗೆ ಬಂದ.

ಇದು ಬಡ ದೇಶದ, ದಾಖಲೆ ಇಡದವರ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ. ರೊಮೇನಿಯಾದ ಮಿಯೊಡ್ರಾಗ್ ಬೆಲೊಡೆಡಿಚ್ ಅವರನ್ನೇ ತೆಗೆದುಕೊಳ್ಳಿ. 1986ರಲ್ಲಿ ಸ್ಟೆವಾ ಬುಕರೆಸ್ಟ್ ಜೊತೆ, 1991ರಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಜೊತೆ, ಎರಡು ಬೇರೆ ತಂಡಗಳಿಗೆ ಆಡಿ ಯೂರೋಪಿಯನ್ ಕಪ್ ಗೆದ್ದವರು ಅವರು. ಎರಡೂ ಫೈನಲ್‌ಗಳು 120 ನಿಮಿಷ ಕಳೆದರೂ 0–0 ಆಗಿಯೇ ಉಳಿದವು. ಮೊದಲನೆಯದರಲ್ಲಿ ಎದುರಿಗಿದ್ದದ್ದು ಬಾರ್ಸಿಲೋನಾ, ಎರಡನೆಯದರಲ್ಲಿ ಮಾರ್ಸೆಯ್. ಒಟ್ಟು 240 ನಿಮಿಷ ಒಂದು ಗೋಲನ್ನೂ ಬಿಡದ ಆ ಸಾಲಿನ ನಡುವೆ ನಿಂತಿದ್ದವರು ಇವರು. ಆದರೆ 1986 ಎಂದರೆ ನೆನಪಾಗುವುದು ನಾಲ್ಕು ಪೆನಾಲ್ಟಿಗಳನ್ನು ತಡೆದ ಗೋಲ್‌ಕೀಪರ್ ಡುಕಡಾಂ. 1994ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಎಂದರೆ ನೆನಪಾಗುವುದು ಸ್ವೀಡನ್ ಗೋಲ್‌ಕೀಪರ್ ತಡೆದ ಬೆಲೊಡೆಡಿಚ್ ಅವರ ಪೆನಾಲ್ಟಿ. ಇಲ್‌ಫರ್ಡಿನ ಮನ್ನಾ ಅವರಿಗೆ ಆದದ್ದೇ ಇಲ್ಲಿ, ನಲವತ್ತಾರು ವರ್ಷದ ನಂತರ, ದೂರದರ್ಶನದ ಕ್ಯಾಮೆರಾಗಳ ಮುಂದೆ ಇನ್ನೊಬ್ಬ ರಕ್ಷಕನಿಗೆ ಆಯಿತು.

ತಡೆಯುವುದನ್ನು ಎಣಿಸಲಾಗದು, ಎಣಿಸಲಾಗದ್ದು ಮರೆಯಾಗುವುದು ಸಹಜ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ರನ್ನನ ಬೆಳಗಲಿ ಇರುವ ಮುಧೋಳ, ಜಮಖಂಡಿ ಸೀಮೆಯ ಜನರಿಗೆ ಚೆನ್ನಾಗಿ ಗೊತ್ತು. ಕಬಡ್ಡಿಯಲ್ಲಿ ಮುಟ್ಟಿ ಬಂದವನಿಗೂ ಅಂಕ, ಬಂದವನನ್ನು ಹಿಡಿದು ಕೆಡವಿದವನಿಗೂ ಅಂಕ. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಒಂದು ಅಂಕ ಹೆಚ್ಚು. ಈ ಲೆಕ್ಕದ ಫಲ ಏನೆಂದರೆ, 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಮೊದಲ ಬಾರಿಗೆ ಒಂದು ಕೋಟಿ ರೂಪಾಯಿ ಮುಟ್ಟಿದ ಆಟಗಾರ ಇರಾನಿನ ಫಜಲ್ ಅತ್ರಾಚಲಿ, ಹಿಡಿತದ ಆಟಗಾರ. ಜಾತ್ರೆಯ ಕುಸ್ತಿಯಲ್ಲೂ ಅಷ್ಟೇ, ಪಟ್ಟು ಹಾಕಿದವನಷ್ಟೇ ಮರ್ಯಾದೆ ಬೆನ್ನು ಮಣ್ಣಿಗೆ ತಾಗಿಸದೆ ಸಮ ಮಾಡಿಕೊಂಡು ಎದ್ದವನಿಗೂ ಸಿಗುತ್ತದೆ. ತಡೆಯುವ ಕೆಲಸಕ್ಕೆ ಲೆಕ್ಕ ಇಡಬೇಕೆಂದು ಆಟದ ನಿಯಮವೇ ಹೇಳಿದರೆ ನೆನಪು ತಾನಾಗಿ ಉಳಿಯುತ್ತದೆ. ಫುಟ್‌ಬಾಲಿನ ನಿಯಮ ಅದನ್ನು ಹೇಳಲಿಲ್ಲ, ಹಾಗಾಗಿ ಆ ಹೊಣೆ ಚರಿತ್ರೆ ಬರೆಯುವವರ ಮೇಲೆ ಬೀಳುತ್ತದೆ. ಬೆಂಗಳೂರಿನ ದಂಡಿನ ಆಟ ನಮಗೇನು ಎಂದು ಈ ಸೀಮೆಯವರು ಕೇಳಬೇಕಾಗಿಯೂ ಇಲ್ಲ. ಹಳೆಯ ಸಂಸ್ಥಾನಗಳಾದ ಮುಧೋಳ, ಜಮಖಂಡಿಗಳು ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯ ಭಾಗವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಒಲಿಂಪಿಕ್ ಸೆಮಿಫೈನಲ್ ತಲುಪಿತು. ಆ ತಂಡದ ಕೆಂಪಯ್ಯ ಹೊಸ ರಾಜ್ಯದ ಮೊದಲ ಒಲಿಂಪಿಕ್ ಆಟಗಾರರ ಸಾಲಿನಲ್ಲಿ ನಿಲ್ಲುವವರು, ಬೆಳಗಲಿಯವರಿಗೂ ಬೆಂಗಳೂರಿನವರಿಗೂ ಸಮನಾಗಿ ಸೇರಿದವರು.

ಈ ಚರಿತ್ರೆಯನ್ನು ಬರೆಯುವುದು ಹೇಗೆ? ಗೋಲಿನ ಪಟ್ಟಿಯಿಂದ ಸಾಧ್ಯವಿಲ್ಲ, ಎದುರಾಳಿಗಳ ಪಟ್ಟಿಯಿಂದ ಸಾಧ್ಯ. 1960ರ ಆಸುಪಾಸಿನಲ್ಲಿ ಕೆಂಪಯ್ಯ ಕೋಲ್ಕತ್ತದ ಮೋಹನ್ ಬಗಾನಿಗೆ ಆಡುತ್ತಿದ್ದರು. ರೋಮಿನಲ್ಲಿ ಹಂಗೆರಿ, ಪೆರು ಎರಡಕ್ಕೂ ಗೋಲು ಹೊಡೆದ ತುಳಸೀದಾಸ್ ಬಲರಾಂ ಆಗ ಈಸ್ಟ್ ಬೆಂಗಾಲಿನವರು. ದೇಶಕ್ಕೆ ಒಟ್ಟಿಗೆ ಆಡಿದ ಇಬ್ಬರೂ ಕೋಲ್ಕತ್ತಕ್ಕೆ ಮರಳಿದರೆ ಎದುರು ಬದುರಿನ ತಂಡದವರು, ಒಬ್ಬರು ಇನ್‌ಸೈಡ್ ಫಾರ್ವರ್ಡ್, ಇನ್ನೊಬ್ಬರು ಇನ್‌ಸೈಡ್ ಫಾರ್ವರ್ಡ್‌ಗಳನ್ನು ಕಾಯುವ ಹಾಫ್ ಬ್ಯಾಕ್. ಆ ವರ್ಷಗಳ ಕೋಲ್ಕತ್ತದ ಪತ್ರಿಕೆಗಳನ್ನು ಹಿಡಿದು, ಎರಡು ತಂಡಗಳ ಪಂದ್ಯಗಳಲ್ಲಿ ಬಲರಾಂ ಗೋಲು ಹೊಡೆಯದ ದಿನಗಳು ಯಾವುವು, ಆ ದಿನ ಬಗಾನಿನ ಹಾಫ್ ಬ್ಯಾಕ್ ಸಾಲಿನಲ್ಲಿ ಯಾರಿದ್ದರು ಎಂದು ಗುರುತು ಹಾಕುತ್ತ ಹೋದರೆ ಕೆಲಸ ಶುರುವಾಗುತ್ತದೆ.