ಬಡವ ನಿಜ, ಆದರೆ ಎಂಥ ಬಡವ?

1965ರ ಜುಲೈ 30ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿಗೆ ಹೋಗಿ, ಅಲ್ಲಿ ನೆಲೆಸಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಎದುರಿನಲ್ಲೇ ಒಂದು ಮಸೂದೆಗೆ ಸಹಿ ಹಾಕಿದರು. ಇಪ್ಪತ್ತು ವರ್ಷಗಳ ಹಿಂದೆ ಇಡೀ ದೇಶಕ್ಕೆ ಆರೋಗ್ಯ ವಿಮೆ ತರಲು ಹೊರಟು ಸೋತಿದ್ದವರು ಟ್ರೂಮನ್. 65 ವರ್ಷ ದಾಟಿದವರ ಚಿಕಿತ್ಸೆಯ ವೆಚ್ಚ ಭರಿಸುವ ‘ಮೆಡಿಕೇರ್’ ಯೋಜನೆಯ ಮೊದಲ ಕಾರ್ಡು ಅಂದು ಅವರ ಕೈಗೆ ಬಂತು. ದೇಶದ ಗಮನವೆಲ್ಲ ಆ ಕಾರ್ಡಿನ ಮೇಲಿತ್ತು. ಅದೇ ಕಾನೂನಿನೊಳಗೆ ಬಡವರಿಗಾಗಿ ಇನ್ನೊಂದು ಯೋಜನೆ ಸದ್ದಿಲ್ಲದೆ ಸೇರಿಕೊಂಡಿತ್ತು. ಅದರ ಹೆಸರು ‘ಮೆಡಿಕೇಡ್’. ಮಸೂದೆಯ ಶಿಲ್ಪಿ ಎನಿಸಿದ ವಿಲ್ಬರ್ ಮಿಲ್ಸ್ ಕಟ್ಟಿದ್ದು ಮೂರು ಪದರದ ಕೇಕ್ ಎಂದು ಆಗಿನವರು ಬಣ್ಣಿಸುತ್ತಿದ್ದರು. ಯಾರೂ ಹೆಚ್ಚು ಚರ್ಚಿಸದ ಮೂರನೆಯ ಪದರವೇ ಮೆಡಿಕೇಡ್. ಮುಂದೆ ಅದು ಮೆಡಿಕೇರನ್ನೂ ಮೀರಿ ಹೆಚ್ಚು ಜನರನ್ನು ಒಳಗೊಂಡಿತು.

ಎರಡು ಹೆಸರುಗಳ ನಡುವೆ ಒಂದಕ್ಷರದ ವ್ಯತ್ಯಾಸವಿದ್ದರೂ ಸ್ವಭಾವದಲ್ಲಿ ಅಜಗಜಾಂತರ. ಮೆಡಿಕೇರ್‌ಗೆ ವಯಸ್ಸೇ ಮುಖ್ಯ ಅರ್ಹತೆ. ಕೋಟ್ಯಧೀಶನಿಗೂ ಅದು ಉಂಟು. ಮೆಡಿಕೇಡ್‌ಗೆ ಬರುವವನು ತಾನು ಬಡವನೆಂದು ರುಜುವಾತುಪಡಿಸಬೇಕು. ಬಡವನಾದರಷ್ಟೇ ಸಾಲದು, ಸರಿಯಾದ ಬಗೆಯ ಬಡವನಾಗಿರಬೇಕು.

ಈ ‘ಬಗೆ’ಯ ವಿಚಾರ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1601ರಲ್ಲಿ ಬಂದ ಬಡವರ ಕಾನೂನು ಬಡವರನ್ನು ವಿಂಗಡಿಸಿತ್ತು. ವೃದ್ಧರು, ಕುರುಡರು, ಅಂಗವಿಕಲರು ಕೈಲಾಗದವರು. ಅವರನ್ನು ಪೊರೆಯುವುದು ಆಯಾ ಪ್ಯಾರಿಷ್‌ನ, ಎಂದರೆ ಊರಿನ ಚರ್ಚು ವಲಯದ ಹೊಣೆ. ತಬ್ಬಲಿ ಮಕ್ಕಳನ್ನು ಕಸುಬು ಕಲಿಯಲು ಹಚ್ಚಬೇಕು. ಮೈಯಲ್ಲಿ ಕಸುವಿದ್ದವರಿಗೆ ಕೆಲಸ ಕೊಡಬೇಕು, ದುಡಿಯಲೊಲ್ಲದವರಿಗೆ ಶಿಕ್ಷೆ. ಅಟ್ಲಾಂಟಿಕ್ ದಾಟಿದ ವಲಸಿಗರು ಬೈಬಲ್ಲಿನ ಜೊತೆಗೆ ಈ ವಿಂಗಡಣೆಯನ್ನೂ ಹೊತ್ತು ತಂದರು. ಮಹಾ ಆರ್ಥಿಕ ಕುಸಿತದ ನಡುವೆ 1935ರಲ್ಲಿ ಬಂದ ಸಾಮಾಜಿಕ ಭದ್ರತಾ ಕಾನೂನು ಕೂಡ ಬಡವರಿಗೆ ನೆರವು ನೀಡುವಾಗ ವೃದ್ಧರು, ಕುರುಡರು, ದುಡಿಯುವ ತಂದೆಯ ಆಸರೆ ಇಲ್ಲದ ಮಕ್ಕಳು ಎಂದೇ ಹೆಸರಿಸಿ ಕೊಟ್ಟಿತು. ಮೂವತ್ತು ವರ್ಷಗಳ ನಂತರ ಮೆಡಿಕೇಡ್ ಬಂದಾಗ ಹೊಸ ಅಳತೆಗೋಲು ಹುಡುಕುವ ಗೊಡವೆಗೆ ಯಾರೂ ಹೋಗಲಿಲ್ಲ. ಈಗಾಗಲೇ ಸಹಾಯಧನ ಪಡೆಯುತ್ತಿದ್ದವರ ಪಟ್ಟಿಯೇ ಮೆಡಿಕೇಡ್‌ನ ಪಟ್ಟಿಯಾಯಿತು.

ಪರಿಣಾಮ ವಿಚಿತ್ರವಾಗಿತ್ತು. ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ನಲವತ್ತು ವರ್ಷದ ಕೂಲಿಕಾರನ ಬಳಿ ಬಿಡಿಗಾಸು ಇಲ್ಲದಿದ್ದರೂ ಸಾಮಾನ್ಯವಾಗಿ ಅವನಿಗೆ ಮೆಡಿಕೇಡ್ ಸಿಗುತ್ತಿರಲಿಲ್ಲ. ಕಾಯಿಲೆ ಅವನನ್ನು ಪೂರ್ತಿ ನೆಲಕ್ಕೆ ಕೆಡವಿ, ಅಂಗವಿಕಲನೆಂದು ಪ್ರಮಾಣಪತ್ರ ಸಿಕ್ಕಮೇಲೆ ಬಾಗಿಲು ತೆರೆಯುತ್ತಿತ್ತು. ಅಷ್ಟರಲ್ಲಿ ಚಿಕಿತ್ಸೆಯಿಂದ ಆಗಬಹುದಾಗಿದ್ದ ಪ್ರಯೋಜನದ ಕಾಲ ಎಷ್ಟೋ ಬಾರಿ ಮೀರಿರುತ್ತಿತ್ತು.

ಬಡತನದ ಮಟ್ಟವನ್ನು ಆಯಾ ರಾಜ್ಯವೇ ನಿಗದಿಪಡಿಸಬೇಕಿತ್ತು. ನ್ಯೂಯಾರ್ಕ್ 1966ರಲ್ಲಿ ಧಾರಾಳಿಯಾಯಿತು; ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 6,000 ಡಾಲರ್ ವರಮಾನವಿದ್ದರೂ ಅರ್ಹತೆ ಉಂಟೆಂದಿತು. ವಾಷಿಂಗ್ಟನ್ ಬೆಚ್ಚಿಬಿತ್ತು. ಮರುವರ್ಷವೇ ಸಂಸತ್ತು ಲಗಾಮು ಹಾಕಿತು: ರಾಜ್ಯವೊಂದು ಬಡ ಕುಟುಂಬಗಳಿಗೆ ಕೊಡುವ ಸಹಾಯಧನದ ಮಟ್ಟಕ್ಕಿಂತ ಮೂರನೇ ಒಂದು ಪಾಲಿನಷ್ಟು ಮಾತ್ರ ಮೇಲೆ ಹೋಗಬಹುದು. ಸಹಾಯಧನದಲ್ಲಿ ಕೈ ಬಿಗಿಹಿಡಿದ ದಕ್ಷಿಣದ ರಾಜ್ಯಗಳಲ್ಲಿ ಔಷಧಿಯ ಬಾಗಿಲೂ ಅಷ್ಟೇ ಕಿರಿದಾಯಿತು. ಆ ಸಹಾಯಧನದ ಜೊತೆಗೆ ಬಡವರ ನಡತೆಯ ತನಿಖೆಯೂ ಬರುತ್ತಿತ್ತು. ಅಲಬಾಮಾದಲ್ಲಿ ನಾಲ್ಕು ಮಕ್ಕಳ ವಿಧವೆಯೊಬ್ಬಳ ಮನೆಗೆ ವಾರದ ಕೊನೆಯಲ್ಲಿ ಗಂಡಸೊಬ್ಬ ಬಂದುಹೋಗುತ್ತಾನೆಂದು, ಅವನನ್ನೇ ‘ಬದಲಿ ತಂದೆ’ ಎಂದು ಪರಿಗಣಿಸಿ ಮಕ್ಕಳ ನೆರವು ನಿಲ್ಲಿಸಿದರು. 1968ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ತಳ್ಳಿಹಾಕಿತು.

ಹಾಗಾದರೆ ಬಡತನದ ರೇಖೆ ಎಳೆದವರು ಯಾರು? ಬಿಪಿಎಲ್ ಕಾರ್ಡಿಗೆ ಸಾಲಿನಲ್ಲಿ ನಿಂತವರಿಗೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕದಲ್ಲಿ ಉತ್ತರ ಒಬ್ಬ ಮಹಿಳೆ: ಸಾಮಾಜಿಕ ಭದ್ರತಾ ಇಲಾಖೆಯ ಅಂಕಿಅಂಶ ತಜ್ಞೆ ಮಾಲಿ ಒರ್ಶಾನ್ಸ್ಕಿ. ಯುಕ್ರೇನಿನಿಂದ ವಲಸೆ ಬಂದ ಬಡ ಯೆಹೂದಿ ದಂಪತಿಗಳ ಮಗಳು. ಬಡತನವನ್ನು ಪುಸ್ತಕದಿಂದ ಕಲಿತವರಲ್ಲ. ಕೃಷಿ ಇಲಾಖೆಯ ಅತ್ಯಂತ ಅಗ್ಗದ ಆಹಾರ ಪಟ್ಟಿಯನ್ನು ಅವರು ಆಧಾರವಾಗಿಟ್ಟುಕೊಂಡರು. 1955ರ ಸಮೀಕ್ಷೆಯ ಪ್ರಕಾರ ಕುಟುಂಬಗಳು ವರಮಾನದ ಮೂರನೇ ಒಂದು ಭಾಗವನ್ನು ಊಟಕ್ಕೆ ವೆಚ್ಚ ಮಾಡುತ್ತಿದ್ದವು. ಆದ್ದರಿಂದ ಆಹಾರದ ವೆಚ್ಚವನ್ನು ಮೂರರಿಂದ ಗುಣಿಸಿದರು. ಅದೇ ಬಡತನದ ರೇಖೆ! ಎಷ್ಟಿದ್ದರೆ ಸಾಕೆಂದು ಹೇಳಲಾಗದಿದ್ದರೂ ಎಷ್ಟಾದರೆ ತೀರ ಕಡಿಮೆ ಎಂದಾದರೂ ಹೇಳಬಹುದು ಎಂಬುದು ಅವರ ನಿಲುವು. ಸಂಶೋಧನೆಗೆಂದು ಮಾಡಿದ ಈ ಲೆಕ್ಕ 1969ರಲ್ಲಿ ಸರಕಾರದ ಅಧಿಕೃತ ಅಳತೆಯಾಯಿತು. ಊಟದ ಪಾಲು ಕುಗ್ಗಿ ಮನೆ ಬಾಡಿಗೆ, ವೈದ್ಯಕೀಯ ವೆಚ್ಚಗಳು ಏರುತ್ತ ಹೋದರೂ, ಬೆಲೆ ಏರಿಕೆಗೆ ತಕ್ಕಂತೆ ಡಾಲರುಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸಲಾಯಿತು. 2025ರಲ್ಲಿ ಒಬ್ಬಂಟಿಗನಿಗೆ ಈ ರೇಖೆ ವರ್ಷಕ್ಕೆ 15,650 ಡಾಲರ್ ಇತ್ತು.

ನಿಯಮಗಳು ಎಷ್ಟು ಕುರುಡಾಗಬಲ್ಲವು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ಅಯೋವಾ ರಾಜ್ಯದ ಪುಟ್ಟ ಹುಡುಗಿ ಕೇಟಿ ಬೆಕೆಟ್. ಎಳೆಗೂಸಾಗಿದ್ದಾಗಲೇ ಮೆದುಳಿನ ಉರಿಯೂತಕ್ಕೆ ತುತ್ತಾದ ಆಕೆಗೆ ಉಸಿರಾಡಲು ಯಂತ್ರ ಬೇಕಾಯಿತು. ಆಸ್ಪತ್ರೆಯಲ್ಲಿದ್ದಷ್ಟು ಕಾಲ ತಂದೆತಾಯಿಯ ವರಮಾನವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ ಮೆಡಿಕೇಡ್ ಹಣ ಕೊಡುತ್ತಿತ್ತು. ಮೂರು ವರ್ಷ ತುಂಬುವ ಹೊತ್ತಿಗೆ ಮಗುವನ್ನು ಮನೆಗೆ ಕರೆದೊಯ್ಯಬಹುದೆಂದು ವೈದ್ಯರು ಹೇಳಿದರು. ಮನೆಯ ಆರೈಕೆಗೆ ಆಸ್ಪತ್ರೆಗಿಂತ ಎಷ್ಟೋ ಕಡಿಮೆ ಹಣ ಸಾಕಿತ್ತು. ಆದರೆ ಮನೆಗೆ ಹೋದರೆ ತಂದೆತಾಯಿಯ ವರಮಾನ ಲೆಕ್ಕಕ್ಕೆ ಬಂದು ಮಗು ಅರ್ಹತೆ ಕಳೆದುಕೊಳ್ಳುತ್ತಿತ್ತು. ಅಗ್ಗದ ದಾರಿಗೆ ಹಣವಿಲ್ಲ, ದುಬಾರಿ ದಾರಿಗೆ ಉಂಟು! 1981ರ ನವೆಂಬರಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ಮಗುವಿನ ಕಥೆ ಹೇಳಿ, ಅಧಿಕಾರಶಾಹಿಯ ಮೂರ್ಖತನಕ್ಕೆ ಉದಾಹರಣೆ ಕೊಟ್ಟರು. ಕ್ರಿಸ್‌ಮಸ್‌ಗೆ ಮೊದಲೇ ಕೇಟಿ ಮನೆ ಸೇರಿದಳು. ಅಂಥ ಮಕ್ಕಳಿಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯಗಳಿಗೆ ಮರುವರ್ಷ ಸಿಕ್ಕಿತು. ಕೇಟಿ ಬೆಳೆದು ಪದವಿ ಪಡೆದು, 2012ರಲ್ಲಿ ತನ್ನ 34ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸರಕಾರದ ಖರ್ಚು ತಗ್ಗಿಸುವೆನೆಂದು ಬಂದ ಅಧ್ಯಕ್ಷರಿಂದಲೇ ಈ ಕಿಟಕಿ ತೆರೆಯಿತೆಂಬುದು ಇತಿಹಾಸದ ಒಂದು ತಮಾಷೆ.

ವೃದ್ಧರ ಕಥೆ ಬೇರೆ. ನರ್ಸಿಂಗ್ ಹೋಂಗಳ ದೀರ್ಘಕಾಲದ ವಾಸಕ್ಕೆ ಮೆಡಿಕೇರ್ ಹಣ ಕೊಡುವುದಿಲ್ಲ. ಅಲ್ಲಿರುವ ಹತ್ತರಲ್ಲಿ ಸುಮಾರು ಆರು ಮಂದಿಯ ವೆಚ್ಚ ಭರಿಸುವುದು ಮೆಡಿಕೇಡ್. ಆದರೆ ಆ ಸೌಲಭ್ಯ ಬೇಕಾದರೆ ಜೀವಮಾನದ ಉಳಿತಾಯ ಮೊದಲು ಕರಗಬೇಕು. ಒಬ್ಬಂಟಿ ವೃದ್ಧರ ಕೈಯಲ್ಲಿ ಉಳಿಯಬಹುದಾದ ಹಣಕ್ಕೆ ಹೆಚ್ಚಿನ ರಾಜ್ಯಗಳು ಅನುಸರಿಸುವುದು ಕೇಂದ್ರ ಸರಕಾರದ ಸಹಾಯಧನ ಯೋಜನೆಯ ಮಿತಿಯನ್ನು: 2,000 ಡಾಲರ್. 1989ರಲ್ಲಿ ಗೊತ್ತುಮಾಡಿದ ಆ ಮೊತ್ತ 2025ರಲ್ಲೂ ಹಾಗೆಯೇ ಇತ್ತು. ಗಂಡ ಆಸ್ಪತ್ರೆ ಸೇರಿದರೆ ಹೆಂಡತಿ ಬೀದಿಗೆ ಬೀಳುವಂಥ ಸ್ಥಿತಿಯಿದ್ದುದರಿಂದ ಕೆಲವು ಮುದಿ ದಂಪತಿಗಳು ಕಾಗದದ ಮೇಲೆ ವಿಚ್ಛೇದನ ಪಡೆಯುತ್ತಿದ್ದರು. 1988ರ ಕಾನೂನು ಮನೆಯಲ್ಲುಳಿದ ಸಂಗಾತಿಗೆ ಒಂದಿಷ್ಟು ಆಸ್ತಿ ಉಳಿಸಿಕೊಟ್ಟಿತು. ಇನ್ನೊಂದೆಡೆ, ಮಕ್ಕಳ ಹೆಸರಿಗೆ ಆಸ್ತಿ ಬರೆದಿಟ್ಟು ಬಡವರಾಗುವವರನ್ನು ಹಿಡಿಯಲು ಹಿಂದಿನ ಮೂರು ವರ್ಷದ ವ್ಯವಹಾರಗಳನ್ನು ತಪಾಸಣೆ ಮಾಡುತ್ತಿದ್ದರು. 2006ರಲ್ಲಿ ಅದನ್ನು ಐದು ವರ್ಷಕ್ಕೆ ಏರಿಸಲಾಯಿತು.

ಮಕ್ಕಳ ವಿಷಯದಲ್ಲಿ ಮಾತ್ರ ಬಾಗಿಲು ಮೆಲ್ಲನೆ ಅಗಲವಾಯಿತು. 1990ರ ಕಾನೂನು ಬಡತನದ ರೇಖೆಗಿಂತ ಕೆಳಗಿನ ಮಕ್ಕಳಿಗೆಲ್ಲ 18ರ ವಯಸ್ಸಿನವರೆಗೆ ಅರ್ಹತೆ ನೀಡಿತು. ಆದರೆ ಖರ್ಚು ಒಮ್ಮೆಲೇ ಏರದಿರಲೆಂದು ಒಂದು ತಾರೀಖು ಇಟ್ಟರು: 1983ರ ಸೆಪ್ಟೆಂಬರ್ 30ರ ನಂತರ ಹುಟ್ಟಿದವರಿಗೆ ಮಾತ್ರ. ಒಂದೇ ಬೀದಿಯಲ್ಲಿ ಸೆಪ್ಟೆಂಬರ್ 30ರಂದು ಹುಟ್ಟಿದವನು ಹೊರಗೆ, ಅಕ್ಟೋಬರ್ 1ರಂದು ಹುಟ್ಟಿದವಳು ಒಳಗೆ! ಗಡಿಯ ಆಚೀಚೆ ಹುಟ್ಟಿದವರನ್ನು ಸಂಶೋಧಕರು ಮುಂದೆ ಹೋಲಿಸಿ ನೋಡಿದಾಗ, ಕರಿಯ ಜನಾಂಗದವರಲ್ಲಿ ಅಕ್ಟೋಬರಿನ ನಂತರ ಹುಟ್ಟಿದವರು 25ರ ಹರೆಯದಲ್ಲಿ ಆಸ್ಪತ್ರೆ ಸೇರುವ ಪ್ರಮಾಣ ಕಡಿಮೆಯಿದ್ದುದು ಕಂಡುಬಂತು. ಬಾಲ್ಯದ ಔಷಧಿಯ ಫಲ ಯೌವನದಲ್ಲಿ ಕಂಡಿತೆನ್ನಬೇಕು.

1996ರಲ್ಲಿ ಸಹಾಯಧನದ ಪಟ್ಟಿಗೂ ಮೆಡಿಕೇಡ್‌ಗೂ ಇದ್ದ ಕೊಂಡಿ ಕಳಚಿತು. ದುಡಿಯುವ ವಯಸ್ಸಿನ ಒಂಟಿ ಬಡವ ಇನ್ನೂ ಹೊರಗೇ ಇದ್ದ. ಒರೆಗಾನ್ ರಾಜ್ಯ 2008ರಲ್ಲಿ ಅಂಥವರಿಗೆ 10 ಸಾವಿರ ಸ್ಥಾನ ತೆರೆದಾಗ ಸುಮಾರು 90 ಸಾವಿರ ಮಂದಿ ಹೆಸರು ಬರೆಸಿದರು. ಯಾರು ಹೆಚ್ಚು ಅರ್ಹರೆಂದು ತೂಗುವ ಬದಲು ರಾಜ್ಯವು ಲಾಟರಿ ಎತ್ತಿತು. ಬಹುಶಃ ಅದೇ ಹೆಚ್ಚು ಪ್ರಾಮಾಣಿಕ ವಿಧಾನವಾಗಿತ್ತು.

ಬರಾಕ್ ಒಬಾಮಾ ಕಾಲದ 2010ರ ಕಾನೂನು ಹಳೆಯ ವಿಂಗಡಣೆಯನ್ನೇ ಅಳಿಸಹೊರಟಿತು. ಬಡತನದ ರೇಖೆಯ ಶೇ 138ಕ್ಕಿಂತ ಕಡಿಮೆ ವರಮಾನದ, 65 ದಾಟದ ವಯಸ್ಕರೆಲ್ಲ ಒಳಗೆ. ಬಗೆ ಕೇಳುವಂತಿಲ್ಲ, ಆಸ್ತಿ ಕೇಳುವಂತಿಲ್ಲ. ಆದರೆ 2012ರಲ್ಲಿ ಸುಪ್ರೀಂ ಕೋರ್ಟು ಇದಕ್ಕಾಗಿ ರಾಜ್ಯಗಳನ್ನು ಬಲವಂತಪಡಿಸುವಂತಿಲ್ಲ ಎಂದಿತು. 2025ರ ಹೊತ್ತಿಗೂ 10 ರಾಜ್ಯಗಳು ಒಪ್ಪಿರಲಿಲ್ಲ, ಟೆಕ್ಸಸ್ ಅವುಗಳಲ್ಲೊಂದು. ಅಲ್ಲಿ ಒಂದು ಅಸಂಗತ ಕಂದಕ ಹುಟ್ಟಿತು. ರೇಖೆಯ ಮೇಲಿರುವವರಿಗೆ ಖಾಸಗಿ ವಿಮೆ ಕೊಳ್ಳಲು ಸರಕಾರದ ಸಹಾಯಧನವಿದೆ. ಕೆಳಗಿರುವವರಿಗೆ ಇಲ್ಲ, ಅವರೆಲ್ಲ ಮೆಡಿಕೇಡ್‌ನಲ್ಲಿರುತ್ತಾರೆ ಎಂದು ಕಾನೂನು ಬರೆದವರು ಭಾವಿಸಿದ್ದರು. ಹೀಗಾಗಿ ಹೆಚ್ಚು ಬಡವನಿಗೇ ಏನೂ ದಕ್ಕಲಿಲ್ಲ.

ಅಳಿಸಿದ ವಿಂಗಡಣೆ ಬೇರೆ ವೇಷದಲ್ಲಿ ಮರಳಿತು. ಅರ್ಕಾನ್ಸಾ ರಾಜ್ಯ 2018ರ ಜೂನ್‌ನಲ್ಲಿ, ತಿಂಗಳಿಗೆ 80 ಗಂಟೆ ದುಡಿದಿದ್ದೇನೆಂದು ವರದಿ ಸಲ್ಲಿಸದಿದ್ದರೆ ಮೆಡಿಕೇಡ್ ಇಲ್ಲವೆಂದಿತು. ಮೊದಲ ತಿಂಗಳುಗಳಲ್ಲಿ ವರದಿ ಸಲ್ಲಿಸಬೇಕಾದದ್ದು ಒಂದು ವೆಬ್‌ಸೈಟಿನಲ್ಲಿ. ಅದೋ ರಾತ್ರಿ 9ಕ್ಕೆ ಬಾಗಿಲು ಹಾಕಿ ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು! ವರ್ಷ ಮುಗಿಯುವುದರೊಳಗೆ 18 ಸಾವಿರಕ್ಕೂ ಹೆಚ್ಚು ಮಂದಿ ಹೊರಬಿದ್ದರು. ನಿಯಮ ಗುರಿಯಿಟ್ಟ ಜನರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಆಗಲೇ ಷರತ್ತು ಪೂರೈಸುತ್ತಿದ್ದರು ಅಥವಾ ವಿನಾಯಿತಿಗೆ ಅರ್ಹರಾಗಿದ್ದರು ಎಂದು ಅಧ್ಯಯನವೊಂದು ತೋರಿಸಿತು. ಅವರಲ್ಲಿ ಎಷ್ಟೋ ಜನ ಸೋತದ್ದು ದುಡಿಮೆಯಲ್ಲಲ್ಲ, ಕಾಗದಪತ್ರದಲ್ಲಿ. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು.

ಕೊರೊನಾ ಬಂದಾಗ, 2020ರಿಂದ ಮೂರು ವರ್ಷ, ಯಾರನ್ನೂ ಪಟ್ಟಿಯಿಂದ ತೆಗೆಯಬಾರದೆಂದು ಕೇಂದ್ರ ಸರಕಾರ ತಡೆ ಹಾಕಿತ್ತು. 2023ರ ಮಾರ್ಚ್ ಕೊನೆಗೆ ಆ ತಡೆ ಮುಗಿದು ಮರುಪರಿಶೀಲನೆ ಶುರುವಾಯಿತು. ಸುಮಾರು ಎರಡೂವರೆ ಕೋಟಿ ಜನ ಪಟ್ಟಿಯಿಂದ ಹೋದರು. ಅವರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಮಂದಿಯದು ಅನರ್ಹತೆ ಸಾಬೀತಾದ ಪ್ರಕರಣವಲ್ಲ. ಅರ್ಜಿ ಮರಳಿ ಬರಲಿಲ್ಲ, ವಿಳಾಸ ಬದಲಾಗಿತ್ತು, ದಾಖಲೆ ಸಾಲಲಿಲ್ಲ.

2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನು ಅದೇ 80 ಗಂಟೆಯ ಷರತ್ತನ್ನು 2010ರ ವಿಸ್ತರಣೆಯಿಂದ ಒಳಬಂದ ವಯಸ್ಕರಿಗೆಲ್ಲ ಅನ್ವಯಿಸಿ, 2027ರ ಆರಂಭದಿಂದ ಜಾರಿಯಾಗಬೇಕೆಂದು ಗೊತ್ತುಮಾಡಿತು. ಆರು ತಿಂಗಳಿಗೊಮ್ಮೆ ಅರ್ಹತೆಯ ಮರುಪರಿಶೀಲನೆಯನ್ನೂ ಸೇರಿಸಿತು. ಗರ್ಭಿಣಿಯರಿಗೆ, ಆರೋಗ್ಯ ತೀರ ಹದಗೆಟ್ಟವರಿಗೆ, 13 ವರ್ಷದೊಳಗಿನ ಮಕ್ಕಳಿರುವ ತಂದೆತಾಯಿಗೆ ವಿನಾಯಿತಿ ಉಂಟು. ಮಗುವಿಗೆ 14 ತುಂಬಿದ ತಾಯಿ, ಬೇರೆ ಯಾವ ವಿನಾಯಿತಿಯೂ ಇಲ್ಲದಿದ್ದರೆ, ಗಂಟೆಗಳ ಲೆಕ್ಕ ಕೊಡಬೇಕು.