ವಾಕ್ಯಗಳ ಜೋಡಣೆ

‘ಈ ಎರಡು ವಾಕ್ಯಗಳನ್ನು ಕೂಡಿಸಿ ಒಂದಾಗಿ ಬರೆಯಿರಿ’ ಎಂಬುದು ಹೈಸ್ಕೂಲಿನ ಇಂಗ್ಲಿಷು ಪ್ರಶ್ನೆಪತ್ರಿಕೆಯ ಹಳೆಯ ಪ್ರಶ್ನೆ. ೧೯೩೦ರ ದಶಕದಲ್ಲಿ ಹೊರಬಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಲ್ಲಿ ಇದಕ್ಕೆಂದೇ ಅಭ್ಯಾಸಗಳಿವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಆ ಮೇಲೆ ಈ ಪ್ರಶ್ನೆಯನ್ನು ಎದುರಿಸಿದವರು. ಅವರ ಉತ್ತರಗಳನ್ನು ತಿದ್ದಿದ ಅಧ್ಯಾಪಕನಾಗಿ ನಾನು ಹೇಳಬೇಕಾದುದು ಇಷ್ಟೆ: ಅಲ್ಲಿಯ ಎಷ್ಟೋ ತಪ್ಪುಗಳು ಅಜ್ಞಾನದಿಂದ ಹುಟ್ಟಿದವಲ್ಲ, ಬೇರೊಂದು ನುಡಿಯ ಶಿಸ್ತಿನಿಂದ ಹುಟ್ಟಿದವು.

ಆ ಶಿಸ್ತು ಬಹಳ ಹಳೆಯದು. ಮೂಡುಬಿದಿರೆಯ ಜೈನಮಠದಲ್ಲಿರುವಂಥ ತಾಳೆಗರಿಯ ಗ್ರಂಥಗಳಲ್ಲಿ ಇಂದಿನ ಅಲ್ಪವಿರಾಮ, ಪೂರ್ಣವಿರಾಮಗಳಿಲ್ಲ. ಅವು ಅಚ್ಚಿನೊಡನೆ ಬಳಕೆಗೆ ಬಂದವು. ಆದರೂ ಹಳೆಯ ಗದ್ಯವನ್ನು ಓದುವವನು ದಾರಿ ತಪ್ಪುವುದಿಲ್ಲ. ‘ಬಂದು’, ‘ಕಂಡು’, ‘ಕೇಳಿ’ ಎಂಬ ಅಪೂರ್ಣ ಕ್ರಿಯೆಗಳು ಅವನನ್ನು ಕೈಹಿಡಿದು ನಡೆಸುತ್ತವೆ. ಪೂರ್ಣಕ್ರಿಯಾಪದ ಬಂದಲ್ಲಿ ವಾಕ್ಯ ನಿಲ್ಲುತ್ತದೆ. ತುಳುವಿನ ನಡೆಯೂ ಇದೇ. ಇಂಗ್ಲಿಷಾದರೋ ‘ಆಂಡ್’, ‘ಬಟ್’, ‘ವೆನ್’ ಎಂಬಂಥ ಬಿಡಿಪದಗಳನ್ನು ಕೊಂಡಿಯಾಗಿಸಿ, ಹೆಚ್ಚಾಗಿ ಎರಡೂ ಕ್ರಿಯೆಗಳನ್ನು ಪೂರ್ಣವಾಗಿಯೇ ಉಳಿಸಿಕೊಳ್ಳುತ್ತದೆ.

ನಮ್ಮ ಪ್ರಾಚೀನ ವೈಯಾಕರಣರು ಇದನ್ನು ಬೇರೊಂದು ಪಾಠವಾಗಿ ಹೇಳಲಿಲ್ಲ. ೧೩ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ. ವಾಕ್ಯಕ್ಕೆ ಪ್ರತ್ಯೇಕ ಪ್ರಕರಣವಿಲ್ಲ. ಈ ಗ್ರಂಥವನ್ನು ಕಿಟೆಲ್ ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು; ಅದರ ೧೯೨೦ರ ಆವೃತ್ತಿಯನ್ನು ಪರಿಷ್ಕರಿಸಿದವರು ೧೮೭೪ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ವಾಕ್ಯಭೇದಗಳು ನಮ್ಮ ಶಾಲಾ ವ್ಯಾಕರಣಗಳಿಗೆ ಬಂದುದು ಇಂಗ್ಲಿಷಿನ ಮಾದರಿಯಿಂದ.

ತೊಡಕು ಎಲ್ಲಿ? ಬಂಟ್ವಾಳವನ್ನು ಮುಳುಗಿಸಿದ ೧೯೭೪ರ ನೆರೆಯನ್ನು ನಾವು ‘ಮಳೆ ಸುರಿದು ನೇತ್ರಾವತಿ ಉಕ್ಕಿತು’ ಎನ್ನುತ್ತೇವೆ. ಸುರಿದುದು ಮಳೆ, ಉಕ್ಕಿದುದು ಹೊಳೆ. ಕರ್ತೃ ಬೇರೆಯಾದರೂ ಮೊದಲಿನದು ಎರಡನೆಯದಕ್ಕೆ ಕಾರಣವಾದುದರಿಂದ ಕನ್ನಡ ಅದನ್ನು ಒಪ್ಪುತ್ತದೆ. ವಿದ್ಯಾರ್ಥಿ ಇದನ್ನೇ ‘ಹ್ಯಾವಿಂಗ್’ ಹಾಕಿ ಇಂಗ್ಲಿಷಿಗೆ ಒಯ್ದು, ಮಳೆಯ ಹೆಸರನ್ನು ಬಿಟ್ಟನೆಂದರೆ, ಸುರಿದುದೂ ನೇತ್ರಾವತಿಯೇ ಎಂದಾಗುತ್ತದೆ! ಕನ್ನಡಕ್ಕೂ ಮಿತಿಯುಂಟು. ‘ನಾನು ಬೆಳ್ತಂಗಡಿಯಲ್ಲಿ ಬಸ್ಸಿಳಿದು ಮಳೆ ಬಂತು’ ಎಂದರೆ ಯಾರೂ ಒಪ್ಪರು. ಇಳಿದುದು ಮಳೆಗೆ ಕಾರಣವಲ್ಲ. ಅಲ್ಲಿ ‘ಇಳಿದಾಗ’ ಎನ್ನಲೇಬೇಕು.

ಈ ವಿವೇಕ ಮಗುವಿಗೆ ಮನೆಮಾತಿನಲ್ಲಿ ಆಗಲೇ ಸಿದ್ಧಿಸಿರುತ್ತದೆ. ಕೆಂಪು ಗೆರೆ ಎಳೆಯುವ ಮೊದಲು ‘ಸುರಿದುದು ಯಾವುದು, ಉಕ್ಕಿದುದು ಯಾವುದು?’ ಎಂದು ಕೇಳಿದರೆ, ಇಂಗ್ಲಿಷಿನ ನಿಯಮ ಅರ್ಧ ತಿಳಿದಂತೆಯೇ. ಹಾಗೆ ಕೇಳದೆ ನಿಯಮವನ್ನಷ್ಟೇ ಉರು ಹೊಡೆಸಿದರೆ ಇಂಗ್ಲಿಷು ಕೈಗೆ ಬಾರದು. ಜತೆಗೆ, ‘ನಿನ್ನೆ ಬಂದ ಹುಡುಗ’ ಎಂದರೆ ಸಾಕಾಗುವಲ್ಲಿ ‘ಯಾವ ಹುಡುಗನು ನಿನ್ನೆ ಬಂದನೋ ಅವನು’ ಎಂದು ಕನ್ನಡವೂ ಎಡವತೊಡಗುತ್ತದೆ. ಒಂದು ಭಾಷೆಯನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಾಗಿಲ್ಲ.