ಮರುಭೂಮಿಯ ಸಜೀವ ವಸ್ತುಸಂಗ್ರಹಾಲಯ

ಮೃಗಾಲಯವೆಂದೊಡನೆ ನಮ್ಮ ಮನಸ್ಸು ದೂರದೇಶದ ಪ್ರಾಣಿಗಳತ್ತ ಹಾಯುವುದು. ಶ್ರೀ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ, 1892ರಲ್ಲಿ, ಸ್ಥಾಪಿತವಾದ ಮೈಸೂರಿನ ಮೃಗಾಲಯಕ್ಕೆ ಹೋದಾಗ ನಾವು ಮೊದಲು ಅರಸುವುದು ಆಫ್ರಿಕದ ಜಿರಾಫೆಯನ್ನೇ. ನಮ್ಮ ಹೊಲದಂಚಿನ ನರಿಯ ಮುಂದೆ ನಿಲ್ಲುವವರು ವಿರಳ. ಈ ಸ್ವಭಾವಕ್ಕೆ ಎದುರುನಿಂತ ಸಂಸ್ಥೆಯೊಂದರ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಲು ಬಯಸುತ್ತೇವೆ.

ಅಮೆರಿಕದ ಅರಿಜೋನಾ ಪ್ರಾಂತದಲ್ಲಿ, ಟೂಸಾನ್ ನಗರದ ಪಶ್ಚಿಮದ ಬೆಟ್ಟಗಳ ನಡುವೆ, 1952ರ ಸೆಪ್ಟೆಂಬರಿನಲ್ಲಿ ವಿಲಿಯಂ ಕಾರ್ ಮತ್ತು ಆರ್ಥರ್ ಪ್ಯಾಕ್ ಎಂಬಿಬ್ಬರು ಅರಿಜೋನಾ-ಸೊನೋರಾ ಮರುಭೂಮಿ ವಸ್ತುಸಂಗ್ರಹಾಲಯವನ್ನು ತೆರೆದರು. ಆ ಸೀಮೆಯ ಜೀವಿಗಳಲ್ಲದೆ ಹೊರಗಿನದೊಂದೂ ಅಲ್ಲಿರಕೂಡದೆಂಬುದೇ ಅವರ ನಿಯಮ. ಸೊನೋರಾ ಎಂಬುದು ಮೆಕ್ಸಿಕೋ ದೇಶದ ಪ್ರಾಂತ. ಮರುಭೂಮಿಯು ಎರಡು ರಾಜ್ಯಗಳ ಗಡಿಯನ್ನು ಲೆಕ್ಕಿಸದೆ ಹಬ್ಬಿರುವುದರಿಂದ ಹೆಸರೂ ಹಾಗೆಯೇ ಹಬ್ಬಿತು.

ಮರಳುಗಾಡಿನಲ್ಲಿ ನೋಡತಕ್ಕುದೇನಿದ್ದೀತೆಂದು ಕೇಳಬಹುದು. ನಲವತ್ತು ಅಡಿ ಬೆಳೆಯಬಲ್ಲ ಸಗ್ವಾರೋ ಕಳ್ಳಿ, ಹಂದಿಯನ್ನು ಹೋಲುವ ಹಾವೆಲೀನಾ, ವಿಷವುಳ್ಳ ಹೀಲಾ ಹಲ್ಲಿ, ದೊಡ್ಡ ಕೊಂಬಿನ ಕಾಡುಕುರಿ, ಪ್ಯೂಮ ಎಂಬ ಬೆಟ್ಟದ ಸಿಂಹ, ಇವೆಲ್ಲ ಅಲ್ಲುಂಟು. ಆರಂಭದ ವರ್ಷಗಳಲ್ಲಿ ಜಾರ್ಜ್ ಎಂಬ ಪ್ಯೂಮವು ಪತ್ರಿಕೆಯಲ್ಲಿ ಅಂಕಣವನ್ನೂ ಬರೆಯುತ್ತಿದ್ದಿತು! ಲೇಖನಿ ಮನುಷ್ಯರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಗಲಿನ ಬೇಗೆಯಲ್ಲಿ ಮರುಭೂಮಿಯ ಪ್ರಾಣಿಗಳಲ್ಲಿ ಅನೇಕವು ನೆಲದೊಳಗೆ ಅಡಗುವುದರಿಂದ, ಸುರಂಗವೊಂದನ್ನು ತೋಡಿ, ಬಿಲದೊಳಗಿನ ನರಿಯನ್ನೂ ಬಾವಲಿಯನ್ನೂ ಗಿಡಗಳ ಬೇರನ್ನೂ ಗಾಜಿನ ಮೂಲಕ ಕಾಣುವಂತೆ ಮಾಡಿದರು. ಈ ಉಪಾಯವು ನಮಗೆ ಬಹಳ ಮೆಚ್ಚುಗೆಯಾಯಿತು.

ಆದರೆ ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ತೋಳದ ಪ್ರಸಂಗ. ದನಕರುಗಳ ವೈರಿಯೆಂದು ಮೆಕ್ಸಿಕೋ ತೋಳವನ್ನು ಸರ್ಕಾರವೇ ಬೇಟೆಗಾರರನ್ನಿಟ್ಟು, ವಿಷವಿಕ್ಕಿ, ಬೋನೊಡ್ಡಿ ಕೊಲ್ಲಿಸಿತು. 1970ರ ವೇಳೆಗೆ ಅಮೆರಿಕದ ಕಾಡಿನಲ್ಲಿ ಅದರ ಸಂತತಿ ಬಹುಮಟ್ಟಿಗೆ ಅಳಿಯಿತು. ಅಷ್ಟರೊಳಗೆ, 1959ರಲ್ಲಿ, ಅರಿಜೋನಾದ ತುಮಾಕಾಕೊರಿಯ ಬಳಿ ಸಿಕ್ಕಿದ ಒಂದು ಗಂಡುತೋಳವು ಈ ಸಂಗ್ರಹಾಲಯವನ್ನು ಸೇರಿದ್ದಿತು. 1961ರಲ್ಲಿ ಸೊನೋರಾದಿಂದ ಬಂದ ಹೆಣ್ಣೊಂದು ಅದಕ್ಕೆ ಜೊತೆಯಾಯಿತು. ಅವು ಮರಿಯಿಟ್ಟವು. ಆ ಕಾಲದಲ್ಲಿ ಇದನ್ನು ಯಾರೂ ಮಹತ್ಕಾರ್ಯವೆಂದು ಎಣಿಸಿದಂತೆ ತೋರುವುದಿಲ್ಲ.

1976ರಲ್ಲಿ ಅಮೆರಿಕದ ಕಾನೂನು ಈ ತೋಳವನ್ನು ಅಳಿವಿನಂಚಿನ ಜೀವಿಯೆಂದು ಸಾರಿತು. ಒಂದು ಕಾಲಕ್ಕೆ ಕೊಲ್ಲಲು ವೇತನ ಕೊಟ್ಟಿದ್ದ ಸರ್ಕಾರವೇ ಈಗ ಹಿಡಿದು ತರಲು ಆಳನ್ನು ಕಳುಹಿಸಿತು! ರಾಯ್ ಮ್ಯಾಕ್‌ಬ್ರೈಡ್ ಎಂಬ ನುರಿತ ಬೇಟೆಗಾರರು 1977ರಿಂದ 1980ರವರೆಗೆ ಮೆಕ್ಸಿಕೋದ ಬೆಟ್ಟಗಳನ್ನು ಜಾಲಾಡಿ ಐದು ತೋಳಗಳನ್ನು ಮಾತ್ರ ತಂದರು. ಹೀಗಿದ್ದರೂ ಸಂಗ್ರಹಾಲಯದ ಜೋಡಿಯ ವಂಶವನ್ನು ವಿದ್ವಾಂಸರು ಬಹುಕಾಲ ದೂರವಿಟ್ಟರು. ಅದರಲ್ಲಿ ನಾಯಿಯ ರಕ್ತ ಬೆರೆತಿರಬಹುದೆಂಬುದೇ ಅವರ ಸಂಶಯ. 1990ರ ದಶಕದಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ಆ ಕಳಂಕವು ತೊಲಗಿತು.

1998ರ ಮಾರ್ಚ್ ತಿಂಗಳಲ್ಲಿ ಹನ್ನೊಂದು ತೋಳಗಳನ್ನು ಅರಿಜೋನಾದ ಅರಣ್ಯಕ್ಕೆ ಬಿಟ್ಟರು. ಕೆಲವನ್ನು ಗುಂಡಿಕ್ಕಿ ಕೊಂದವರುಂಟು. ದನಗಾಹಿಗಳ ದೂರೂ ನಿಂತಿಲ್ಲ, ಕರುವನ್ನು ಕಳೆದುಕೊಂಡವನ ದುಃಖವನ್ನು ನಾವು ಹಗುರವಾಗಿ ಕಾಣಲಾರೆವು. ಆದರೂ 2024ರ ಗಣತಿಯಲ್ಲಿ ಅರಿಜೋನಾ ಮತ್ತು ನ್ಯೂಮೆಕ್ಸಿಕೋ ಪ್ರಾಂತಗಳ ಕಾಡಿನಲ್ಲಿ ಕಡಿಮೆಯೆಂದರೆ 286 ತೋಳಗಳು ಕಂಡುಬಂದವು. ಈ ಉಪಜಾತಿಯ ಇಂದಿನ ತೋಳಗಳಿಗೆಲ್ಲ ಮೂಲಪುರುಷರೂ ಮೂಲಸ್ತ್ರೀಯರೂ ಸೇರಿ ಏಳೇ ಪ್ರಾಣಿಗಳು. ತುಮಾಕಾಕೊರಿಯ ಆ ಗಂಡೂ ಸೊನೋರಾದ ಆ ಹೆಣ್ಣೂ ಆ ಏಳರಲ್ಲಿ ಎರಡು.